ಮೀಸೆಯ ಗೊರಕೆ

ನಾಯಿಯ ಬಾಲ ಎಂದಿಗೂ ಡೊಂಕೇ ಎನ್ನುವ ಗಾದೆಯನ್ನು ಸುಳ್ಳು ಮಾಡಿ ತೋರಿಸಿದ ಗಂಡಸು ಟಚ್ಚಪ್ಪ ಒಬ್ಬನೇ. ಅದಕ್ಕೆ ಅವನು ತಗೊಂಡದ್ದು ಎರಡು ನಿಮಿಷ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡು, ಇನ್ನೊಂದು ಕೈಯಿಂದ ಬಾಲವನ್ನು ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ ಮಾಡಿಬಿಟ್ಟಿದ್ದ.

ಅವನ ಅಸಲಿ ಹೆಸರು ಸ್ಟುಡಿಯೋದ ಬೋರ್ಡಿನ ಮೇಲಿತ್ತು, ಓದುವವರು ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ ಅಂತ ಸಾವಿರಾರು ಮುಖ ತೆಗೆದಿದ್ದ, ಒಂದನ್ನೂ ಬಂದ ಹಾಗೆ ಹೊರಗೆ ಕಳಿಸಿದವನಲ್ಲ. ಮೊಡವೆ ಒರೆಸುವುದು, ಬೋಳುತಲೆಗೆ ನಾಲ್ಕು ಕೂದಲು ನೆಡುವುದು, ಎರಡು ಗದ್ದ ಇದ್ದವರಿಗೆ ಒಂದನ್ನು ಉಳಿಸಿ ಇನ್ನೊಂದನ್ನು ತಾನಿಟ್ಟುಕೊಳ್ಳುವುದು. "ಒಂಚೂರು ಟಚಪ್ ಮಾಡ್ತೀನಿ, ಬೇಡ ಅನ್ನಬೇಡಿ" ಎನ್ನುವುದು ಅವನ ಬಾಯಿಪಾಠ. ಜನ ಅವನಿಗೆ ಟಚ್ಚಪ್ಪ ಎಂದೇ ಹೆಸರಿಟ್ಟರು. ಅವನು ತೆಗೆದ ಪಾಸ್‌ಪೋರ್ಟ್ ಫೋಟೋ ಹಿಡಿದು ಹೋದವರನ್ನು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ "ಇದು ನಿಮ್ಮ ಮಗನದಾ?" ಎಂದು ಕೇಳಿದ್ದೂ ಉಂಟು.

ಇಂಥವನ ಕೈಗೆ ನಾಯಿಗಳನ್ನು ಒಪ್ಪಿಸಿದವಳು ಅವನ ಅತ್ತಿಗೆ. ಅಣ್ಣನ ಹೆಂಡತಿ. ಊರಂಚಿನ ಹಳೇ ಗೋದಾಮಿನಲ್ಲಿ, ಜನ ಬಿಟ್ಟುಹೋದ ನಾಯಿ ಬೆಕ್ಕುಗಳಿಗೆ ಹೊಸ ಮನೆ ಹುಡುಕಿಕೊಡುವ ಸಂಸ್ಥೆ ನಡೆಸುತ್ತಿದ್ದಳು. ಸಂಸ್ಥೆ ಎಂದರೆ ಎರಡು ಸಾಲು ಗೂಡು, ಒಂದು ತೂಕದ ಯಂತ್ರ, ಒಂದು ರಿಜಿಸ್ಟರು, ಮಿಕ್ಕದ್ದೆಲ್ಲ ಅತ್ತಿಗೆಯ ಬಾಯಿ. ಆ ಬಾಯಿಗೆ ನಾಯಿಗಳೂ ಸುಮ್ಮನಾಗುತ್ತಿದ್ದವು. ಹೊಸ ಮನೆಯವರು ಮೊದಲು ನೋಡುವುದು ಫೋಟೋ, ಆದ್ದರಿಂದ ಪ್ರತಿ ಪ್ರಾಣಿಗೂ ಒಂದು ಒಳ್ಳೆಯ ಫೋಟೋ ಬೇಕು ಎಂದು ಅವಳು ಕರೆದಾಗ ಟಚ್ಚಪ್ಪ ಖುಷಿಯಿಂದಲೇ ಬಂದಿದ್ದ. ನಾಯಿಗಳು ಕಣ್ಣು ಮಿಟುಕಿಸಿದರೂ ಮತ್ತೆ ತೆಗೆಯಿರಿ ಎಂದು ಜಗಳ ಮಾಡುವುದಿಲ್ಲ, ಮದುಮಗನ ಚಿಕ್ಕಪ್ಪನನ್ನು ಬಿಟ್ಟಿರಿ ಎಂದು ಮುನಿಸಿಕೊಳ್ಳುವುದಿಲ್ಲ.

ಎಲ್ಲಾ ಸರಿಯಾಗಿಯೇ ನಡೆಯುತ್ತಿತ್ತು, ಮೀಸೆಯ ಸರದಿ ಬರುವವರೆಗೆ.

ಮೀಸೆ ವಯಸ್ಸಾದ ನಾಯಿ. ಮೂತಿಯ ಎರಡೂ ಕಡೆ ಬಿಳಿಕೂದಲು ಜೋಲುಬಿದ್ದು ಆ ಹೆಸರು ಬಂದಿತ್ತು. ಎಡಗಿವಿ ಅರ್ಧ ಇರಲಿಲ್ಲ. ಎಡಗಣ್ಣಿಗೆ ಹಾಲಿನಂಥ ಪೊರೆ. ಕೆಳಗಿನ ಒಂದು ಹಲ್ಲು ಬಾಯಿ ಮುಚ್ಚಿದರೂ ಹೊರಗೇ ಇರುತ್ತಿತ್ತು. ಹೊಟ್ಟೆ ಗುಡಾಣ. ಟಚ್ಚಪ್ಪನ ಕಣ್ಣಿಗೆ ಇದು ನಾಯಿಯಲ್ಲ, ಒಂದು ವಾರದ ಕೆಲಸ. ಬಿಳಿಕೂದಲಿಗೆ ಕಪ್ಪು ಹಚ್ಚಿದ, ಬಲಗಿವಿಯನ್ನು ನಕಲು ಮಾಡಿ ಎಡಕ್ಕೆ ಅಂಟಿಸಿದ, ಹಲ್ಲನ್ನು ಒಳಗೆ ತಳ್ಳಿದ, ಬಾಲದ ವಿಷಯ ಆಗಲೇ ಹೇಳಿದ್ದಾಯಿತು. ಫೋಟೋ ನೋಡಿ ಓಡಿಬಂದ ಮನೆಯವರ ಪುಟ್ಟ ಮಗಳು ಗೂಡಿನ ಮುಂದೆ ನಿಂತು, "ಅಮ್ಮ, ಇದು ಅದರ ತಾತ" ಎಂದಳು. ದಾಕ್ಷಿಣ್ಯಕ್ಕೆ ಕರೆದುಕೊಂಡು ಹೋದರು, ನಾಲ್ಕನೇ ದಿನ ವಾಪಸು ತಂದುಬಿಟ್ಟರು.

ಅತ್ತಿಗೆ ಅವತ್ತೇ ಬೈದಿದ್ದಳು. ಎರಡನೇ ಸಲ ಟಚ್ಚಪ್ಪ ಕಿವಿ, ಕೂದಲು, ಹಲ್ಲು ಯಾವುದನ್ನೂ ಮುಟ್ಟಲಿಲ್ಲ. ಎಡಗಣ್ಣಿನಲ್ಲಿ ಮಾತ್ರ ಒಂದೇ ಒಂದು ಮಿಂಚು ಇಟ್ಟ. ಮದುಮಕ್ಕಳ ಕಣ್ಣಿಗೆಲ್ಲ ಇಡುತ್ತಿದ್ದ ಸಾಸಿವೆಯಷ್ಟು ಬಿಳಿ ಚುಕ್ಕೆ, ಅಷ್ಟೇ. ಕರೆದುಕೊಂಡು ಹೋದ ಗಂಡಹೆಂಡಿರಿಗೆ ಆ ಕಣ್ಣು ಕಾಣಿಸುವುದಿಲ್ಲ ಎಂಬುದು ಗೊತ್ತಾಗಲೇ ಇಲ್ಲ. ಮೀಸೆ ಅವರ ಮನೆಯ ಮೇಜು, ಕುರ್ಚಿ, ಮೆಟ್ಟಿಲು ಎಲ್ಲದಕ್ಕೂ ಎಡಗಡೆಯಿಂದ ಡಿಕ್ಕಿ ಹೊಡೆದು, ಹದಿನೈದು ದಿನಕ್ಕೆ ಮೊಣಕಾಲು ಸುಲಿಸಿಕೊಂಡು ಮರಳಿ ಬಂದ.

ಮೊದಲ ಸಲ ವಾಪಸು ಬಂದಾಗ ಅವನು ಎರಡು ದಿನ ಊಟ ಬಿಟ್ಟಿದ್ದ. ಎರಡನೇ ಸಲ ಊಟ ಬಿಡಲಿಲ್ಲ, ಗೇಟಿನ ಸದ್ದಾದಾಗ ತಲೆಯೆತ್ತುವುದನ್ನು ಬಿಟ್ಟ. ಮಿಕ್ಕ ನಾಯಿಗಳು ಗೇಟು ಕಿರ್ರೆಂದರೆ ಸಾಲುಸಾಲಾಗಿ ಎದ್ದು ನಿಲ್ಲುತ್ತಿದ್ದವು. ಮೀಸೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ.

ಅತ್ತಿಗೆ ರಿಜಿಸ್ಟರನ್ನು ಟಚ್ಚಪ್ಪನ ಮೂಗಿನ ಕೆಳಗೆ ಹಿಡಿದಳು. "ಓದು."

ಅವನು ಓದಿದ. ಅವಳದೇ ಅಕ್ಷರ. ಮೂರು ಸಲ ವಾಪಸು ಬಂದ ಪ್ರಾಣಿಯನ್ನು ಮತ್ತೆ ಯಾರಿಗೂ ಕೊಡತಕ್ಕದ್ದಲ್ಲ. ಹಿಂದಿನ ಸಾಲಿನ ಗೂಡಿನಲ್ಲಿ ಕೊನೆತನಕ ಇಟ್ಟುಕೊಳ್ಳತಕ್ಕದ್ದು.

"ಇದನ್ನ ನಾನೇ ಬರೆದದ್ದು. ಯಾಕೆ ಅಂತ ಅವನ ಬೆನ್ನು ನೋಡು, ಗೊತ್ತಾಗುತ್ತೆ. ಅವನಿಗೆ ಉಳಿದಿರೋದು ಇನ್ನೊಂದೇ ಸಲ. ಹೋದ ಎರಡನ್ನೂ ತಿಂದೋನು ನೀನು."

"ಅತ್ತಿಗೆ, ಒಂದು ಚುಕ್ಕೆ..."

"ಆ ಚುಕ್ಕೆಗೆ ನಾಯಿ ಮೊಣಕಾಲು ಹೋಯ್ತು. ಈ ಸಲ ಚಿತ್ರದ ಮೇಲೆ ಬೆರಳಿಟ್ಟೆ ಅಂದ್ರೆ ಆ ಬೆರಳಿಗೆ ನಾನು ಟಚಪ್ ಮಾಡ್ತೀನಿ ಮೈದುನಪ್ಪ. ಫೋಟೋನೂ ಬೇಡ. ಫಿಲ್ಮು ತೆಗಿ. ನಾನೇ ಮಾತಾಡ್ತೀನಿ. ಇದ್ದದ್ದು ಇದ್ದ ಹಾಗೆ."

ಟಚ್ಚಪ್ಪ ಒಪ್ಪಿದ. ಆ ಬೆನ್ನು ನೋಡಿದ ಮೇಲೆ ಒಪ್ಪದಿರಲು ಅವನಿಂದ ಆಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನ ಟಚಪ್‌ನಿಂದ ಯಾರ ಮದುವೆಯೂ ಮುರಿದಿರಲಿಲ್ಲ. ಕನಿಷ್ಠ ಅವನ ಕಿವಿಗೆ ಬಿದ್ದಿರಲಿಲ್ಲ. ಈ ನಾಯಿಯ ಬಾಳು ಮಾತ್ರ ಅವನ ಕಣ್ಣೆದುರಿಗೇ ಎರಡು ಸಲ ಮುರಿದುಬಿದ್ದಿತ್ತು.

ಮಾರನೇ ದಿನ ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ, ಮೀಸೆಯನ್ನು ಒಂದು ಚಾಪೆಯ ಮೇಲೆ ಕೂರಿಸಿದರು. ಟಚ್ಚಪ್ಪ ಲೆನ್ಸಿನ ಹಿಂದೆ ಬಗ್ಗಿ, ಅಭ್ಯಾಸಬಲದಿಂದ, "ಸ್ವಲ್ಪ ಗದ್ದ ಎತ್ತಿ ಸಾರ್. ಹಾ, ಹಂಗೇ. ಮನೆಯವರ ಕಡೆ ನೋಡಿ" ಎಂದ.

"ಯಾರೋ ಮನೆಯವರು?" ಎಂದಳು ಅತ್ತಿಗೆ.

"ಬಾಯಿಗೆ ಬಂದ್ಬಿಡ್ತು ಅತ್ತಿಗೆ. ನೀವು ಶುರು ಮಾಡಿ."

ಅತ್ತಿಗೆ ಚಾಪೆಯ ಪಕ್ಕ ಸ್ಟೂಲು ಹಾಕಿಕೊಂಡು ಶುರುಮಾಡಿದಳು. "ನಮಸ್ಕಾರ. ಇವನು ಮೀಸೆ. ಇವನಿಗೆ ಒಂದೂವರೆ ಕಿವಿ, ಒಂದು ಕಣ್ಣು. ಎಡಗಡೆ ಏನಿಟ್ಟರೂ ಗುದ್ದುತಾನೆ, ಆದ್ದರಿಂದ ಇಡಬೇಡಿ. ಕರೆದ್ರೆ ಬರಲ್ಲ, ಊಟದ ತಟ್ಟೆ ಸದ್ದಾದ್ರೆ ಬರ್ತಾನೆ. ಹೂಸು ಬಿಡ್ತಾನೆ. ಬಿಟ್ಟು ನಿಮ್ಮನ್ನೇ ಗುರಾಯಿಸಿ ನೋಡ್ತಾನೆ, ನೀವೇ ಬಿಟ್ಟ ಹಾಗೆ. ಕಾವಲಿಗೆ ಬೇಕು ಅನ್ನೋರು ದಯವಿಟ್ಟು ಬರಬೇಡಿ, ಕಳ್ಳ ಬಂದ್ರೆ ಇವನು ಬ್ಯಾಟರಿ ಹಿಡೀತಾನೆ. ಚೆನ್ನಾಗಿ ಗೊರಕೆ ಹೊಡೀತಾನೆ..."

ಇಷ್ಟು ಹೊತ್ತಿಗೆ ಮೀಸೆಗೆ ಬಿಸಿಲು ಹಿತವಾಗಿ, ಅಂಗಾತ ಬಿದ್ದು ನಿದ್ದೆ ಹೋಗಿದ್ದ. ನಾಲ್ಕು ಕಾಲೂ ಆಕಾಶಕ್ಕೆ. ಅತ್ತಿಗೆ ಅವನ ಹೊಟ್ಟೆಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಒಳ್ಳೇ ಪ್ರಾಣಿ. ಅಷ್ಟೇ" ಎಂದಳು. ಟಚ್ಚಪ್ಪ ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ನಿಂತಿದ್ದ.

ಮಧ್ಯಾಹ್ನ ಸ್ಟುಡಿಯೋದಲ್ಲಿ ಫಿಲ್ಮನ್ನು ಜೋಡಿಸಲು ಕೂತ. ಮೀಸೆಯ ಹಲ್ಲು ಪರದೆಯ ತುಂಬಾ ಬಂದಾಗ ಕೈ ತುರಿಸಿತು, ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಪೊರೆ ಬಂದ ಕಣ್ಣನ್ನು ಹಾಗೇ ದಾಟಿಸಿದ. ಜೀವಮಾನದಲ್ಲೇ ಮೊದಲ ಸಲ ಒಂದು ಮುಖವನ್ನು ಅದರ ಪಾಡಿಗೆ ಬಿಟ್ಟಿದ್ದ, ಮೈಯೆಲ್ಲ ಬೆವೆತಿತ್ತು.

ಕೊನೆಯ ತುಣುಕು ಬಂತು. ಗೊರಕೆ ಹೊಡೀತಾನೆ ಎಂದು ಅತ್ತಿಗೆ ಹೇಳುತ್ತಾಳೆ, ಮೀಸೆಯ ಹೊಟ್ಟೆ ಏರಿಳಿಯುತ್ತದೆ, ಕೇಳಿಸುವುದು ಮಾತ್ರ ಟೀ ಕುದಿಯುವ ಮುಂಚಿನ ಒಂದು ಸಣ್ಣ ಸಿಳ್ಳೆ. ಇದೆಂಥಾ ಗೊರಕೆ? ಮದುವೆ ವಿಡಿಯೋ ಮಾಡುವವನಿಗೆ ಶಬ್ದ ಬದಲಿಸುವುದು ಉಸಿರಾಡಿದಷ್ಟು ಸಲೀಸು. ಯಾವ ಮದುವೆಯ ಗದ್ದಲವನ್ನು ಹಾಗೇ ಬಿಟ್ಟಿದ್ದಾನೆ? ಅಳುವ ಮಗು ತೆಗೆದು ಪಿಟೀಲು ಹಾಕುವುದಿಲ್ಲವೇ? ಮತ್ತೆ ಅತ್ತಿಗೆ ಏನಂದಿದ್ದಳು? ಚಿತ್ರದ ಮೇಲೆ ಬೆರಳಿಡಬೇಡ. ಚಿತ್ರದ ಮೇಲೆ ತಾನೇ? ಶಬ್ದದ ಸುದ್ದಿ ಅವಳು ಎತ್ತಲೇ ಇಲ್ಲವಲ್ಲ.

ಅವನ ಫೋನಿನಲ್ಲಿ ಒಂದು ಗೊರಕೆ ಸಿದ್ಧವಾಗಿತ್ತು. ಅವನದೇ. ತಾನು ಗೊರಕೆ ಹೊಡೆಯುವುದೇ ಇಲ್ಲ ಎಂದು ಅವನು ವಾದಿಸುತ್ತಿದ್ದುದರಿಂದ ಹೆಂಡತಿ ಸಾಕ್ಷಿಗೆಂದು ಧ್ವನಿಮುದ್ರಿಸಿ ಅವನಿಗೇ ಕಳಿಸಿದ್ದಳು. ಹನ್ನೊಂದು ಸೆಕೆಂಡು. ಮರ ಕೊಯ್ಯುವ ಯಂತ್ರ ಶುರುವಾಗಿ, ನಡುವೆ ಗಂಟು ಸಿಕ್ಕಿ ನಿಂತು, ಮತ್ತೆ ಶುರುವಾಗುವಂಥದ್ದು. ಅದನ್ನು ಮೀಸೆಯ ಹೊಟ್ಟೆಯ ಏರಿಳಿತಕ್ಕೆ ಸರಿಹೊಂದಿಸಿ ಕೂರಿಸಿದ. ಕೂದಲೆಳೆಯಷ್ಟು ಆಚೀಚೆ ಇಲ್ಲ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಫಿಲ್ಮು ನೋಡಿ ಅತ್ತಿಗೆ ಹುಬ್ಬು ಗಂಟಿಕ್ಕಿದಳು. "ಇವನು ಇಷ್ಟು ಜೋರಾಗಿ ಹೊಡೀತಾನಾ?"

"ಮೈಕು ಅತ್ತಿಗೆ. ಒಳ್ಳೇ ಮೈಕು."

ಫಿಲ್ಮು ಫೋನಿಂದ ಫೋನಿಗೆ ಹಾರಿತು. ಜನ ನಕ್ಕರು, ನಕ್ಕು ಮುಂದಕ್ಕೆ ಕಳಿಸಿದರು. ನಗುವವರೆಲ್ಲ ನಾಯಿ ಸಾಕುವುದಿಲ್ಲವಲ್ಲ. ಹತ್ತು ದಿನ ಯಾರೂ ಬರಲಿಲ್ಲ. ಹನ್ನೊಂದನೇ ದಿನ ಲೈಬ್ರರಿ ಮೇಡಂ ಬಂದರು.

ಈ ಮೇಡಂ ಊರಿನ ಲೈಬ್ರರಿಯಲ್ಲಿ ಮೂವತ್ತೈದು ವರ್ಷ ಇದ್ದು ನಿವೃತ್ತರಾದವರು. ಕೆಮ್ಮಿದವರನ್ನು ಹೊರಗೆ ಕಳಿಸುತ್ತಿದ್ದ ಖ್ಯಾತಿ. ಅವರು ಫಿಲ್ಮಿನಲ್ಲಿ ಹೇಳಿದ ದೋಷಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದಕ್ಕೂ ಗುರುತು ಹಾಕಿದರು. ಕಿವಿ, ಸರಿ. ಕಣ್ಣು, ಸರಿ. ಅಷ್ಟರಲ್ಲಿ ಮೂಗು ಮುಚ್ಚಿಕೊಂಡು, "ಇದೂ ಸರಿ" ಎಂದರು. ಮೀಸೆ ಅವರನ್ನೇ ಗುರಾಯಿಸಿ ನೋಡಿದ.

"ಗೊರಕೆ?" ಎಂದರು ಮೇಡಂ, ಪೆನ್ನು ಎತ್ತಿ ಹಿಡಿದು.

ಟಚ್ಚಪ್ಪ ಗೂಡಿನ ಚಿಲಕ ಒರೆಸತೊಡಗಿದ. "ಫಿಲ್ಮಲ್ಲಿ ಕೇಳಿದ್ರಲ್ಲ ಮೇಡಂ."

"ಕೇಳಿದೆ. ಇಪ್ಪತ್ತು ಸಲ ಕೇಳಿದೆ." ಗುರುತು ಹಾಕಿ, ರಿಜಿಸ್ಟರಿನಲ್ಲಿ ಸಹಿ ಮಾಡಿ, ಅದರಲ್ಲಿದ್ದ ಎರಡು ಕಾಗುಣಿತದ ತಪ್ಪನ್ನೂ ತಿದ್ದಿ, ಮೀಸೆಯನ್ನು ಬಲಗಡೆಯಿಂದ ಹಿಡಿದುಕೊಂಡು ಹೋದರು.

ಒಂಬತ್ತು ದಿನ ಕಳೆಯಿತು. ಹತ್ತನೇ ದಿನ ಅತ್ತಿಗೆ ಸ್ಟುಡಿಯೋದ ಬಾಗಿಲಲ್ಲಿ ಬಂದು ನಿಂತಳು. "ಎದ್ದೇಳು. ಲೈಬ್ರರಿ ಮೇಡಂ ಫೋನು. ನೀವು ಕೊಟ್ಟಿದ್ದು ಫಿಲ್ಮಿನ ನಾಯಿ ಅಲ್ಲ ಅಂತಾರೆ. ವಾಪಸಾತಿ ಫಾರಂ ತುಂಬಿ ಇಟ್ಟಿದ್ದಾರಂತೆ. ನೀನು ಏನು ಮಾಡಿದೀಯ?"

"ನಾನೇನು ಮಾಡ್ಲಿ ಅತ್ತಿಗೆ, ಒಂದು ಕೂದಲೂ ಮುಟ್ಟಿಲ್ಲ" ಎಂದ ಟಚ್ಚಪ್ಪ. ಕೂದಲು ಮುಟ್ಟಿರಲಿಲ್ಲ, ಅದು ನಿಜವೇ.

ಮೇಡಂ ಮನೆ ಪುಸ್ತಕದ ಕಪಾಟುಗಳ ನಡುವೆ ಇಬ್ಬರು ಓಡಾಡುವಷ್ಟು ಜಾಗವಿದ್ದ ಮನೆ. ಎಡಗಡೆ ಗುದ್ದಿಕೊಳ್ಳುವ ಸಾಮಾನನ್ನೆಲ್ಲ ಗೋಡೆಗೆ ಸರಿಸಿದ್ದರು, ಮೇಜಿನ ಮೂಲೆಗಳಿಗೆ ಬಟ್ಟೆ ಸುತ್ತಿದ್ದರು. ಮೀಸೆ ಮುಂಬಾಗಿಲಿಗೆ ಎದುರಾಗಿ ಕೂತಿದ್ದ, ಒಳ್ಳೆಯ ಕಣ್ಣು ಬಾಗಿಲ ಮೇಲೆ. ಇವರಿಬ್ಬರನ್ನು ಕಂಡಿದ್ದೇ ಮೆಲ್ಲಗೆ ಎದ್ದು ನಿಂತ. ಕರೆದುಕೊಂಡು ಹೋಗಲು ಬಂದವರು ಎಂದು ಅವನಿಗೆ ಗೊತ್ತಾಗಿತ್ತು. ಎರಡು ಸಲದ ಅನುಭವ.

"ಒಂಬತ್ತು ದಿನ," ಎಂದರು ಮೇಡಂ. ಅವರ ಕಣ್ಣ ಕೆಳಗೆ ಕಪ್ಪು. "ಒಂದು ಗೊರಕೆ ಇಲ್ಲ. ಮಲಗೋದೇ ಇಲ್ಲ, ಬಾಗಿಲು ನೋಡ್ಕೊಂಡು ಕೂತಿರ್ತಾನೆ. ನಾನೂ ಅವನನ್ನ ನೋಡ್ಕೊಂಡು ಕೂತಿರ್ತೀನಿ."

"ನಾಯಿ ಅದೇ ಮೇಡಂ, ಕಿವಿ ನೋಡಿ," ಎಂದಳು ಅತ್ತಿಗೆ.

"ಕಿವಿ ಬಗ್ಗೆ ನಾನು ಮಾತಾಡಿದೆನಾ? ನಮ್ಮನೆಯವರು ಹೋಗಿ ಎರಡು ವರ್ಷ ಆಯ್ತು. ಮೂವತ್ತೆಂಟು ವರ್ಷ ಪಕ್ಕದಲ್ಲಿ ಲಾರಿ ಓಡಿಸಿದ ಹಾಗೆ ಗೊರಕೆ. ಉಲ್ಟಾ ನನಗೇ ಹೇಳೋರು, ಹೊಡೆಯೋಳು ನೀನೇ, ನಾನಲ್ಲ ಅಂತ. ಗಂಡಸರ ಬುದ್ಧಿ. ಅವರು ಹೋದ ಮೇಲೆ ಮನೆ ನಿಶ್ಶಬ್ದ. ಲೈಬ್ರರೀಲಿ ಇಂಥ ನಿಶ್ಶಬ್ದಕ್ಕೆ ಜನ್ಮ ಸವೆಸಿದೆ, ಈಗ ನೋಡಿದ್ರೆ ಅದರಲ್ಲಿ ನಿದ್ದೇನೇ ಬರಲ್ಲ. ನಾಯಿ ಚೆಂದಕ್ಕಾ ತಂದಿದ್ದು ನಾನು? ಈ ಮುಖಕ್ಕಾ? ಗೊರಕೆಗೆ ತಂದಿದ್ದು."

ಮೇಜಿನ ಮೇಲೆ ಫಾರಂ ಇತ್ತು, ಸಹಿಯೊಂದು ಬಾಕಿ. ಅತ್ತಿಗೆ ಮೀಸೆಯ ಕೊರಳಪಟ್ಟಿಗೆ ಕೈ ಹಾಕಿದಳು, ಮೀಸೆ ತಕರಾರಿಲ್ಲದೆ ಅವಳ ಪಕ್ಕ ಬಂದು ನಿಂತ.

"ಅದು ನಂದು," ಎಂದ ಟಚ್ಚಪ್ಪ.

"ಯಾವುದು? ನಾಯಿನಾ?"

"ಗೊರಕೆ. ಫಿಲ್ಮಲ್ಲಿ ಇರೋದು ನನ್ನ ಗೊರಕೆ ಮೇಡಂ. ಇವನದು ಬರೀ ಸಿಳ್ಳೆ. ಸಾಲಲ್ಲ ಅನ್ನಿಸ್ತು, ನಂದು ಹಾಕಿದೆ. ಅವನ ತಪ್ಪಿಲ್ಲ. ಫಾರಮ್ಮಲ್ಲಿ ಕಾರಣ ಬರೆಯೋ ಜಾಗದಲ್ಲಿ ನನ್ನ ಹೆಸರು ಬರೀರಿ."

ಅತ್ತಿಗೆ ಅವನನ್ನು ನೋಡಿದ ನೋಟಕ್ಕೆ ಗೋದಾಮಿನ ನಾಯಿಗಳಾಗಿದ್ದರೆ ಸಾಲಾಗಿ ಮೂತ್ರ ಮಾಡುತ್ತಿದ್ದವು. ಮೇಡಂ ಮಾತ್ರ ಕನ್ನಡಕ ಸರಿಮಾಡಿಕೊಂಡು, "ನಂಬಲ್ಲ" ಎಂದರು.

"ನಿಜ ಮೇಡಂ."

"ನನ್ನ ನಿವೃತ್ತಿ ಸಮಾರಂಭದ ಫೋಟೋ ತೆಗೆದೋರು ನೀವೇ ತಾನೆ? ಅದರಲ್ಲಿ ನನಗೆ ಕನ್ನಡಕಾನೇ ಇಲ್ಲ. ನಿಮ್ಮ ಮಾತು ಹೇಗೆ ನಂಬೋದು? ಅಲ್ಲಿ ಮಲಗಿ."

"ಏನು?"

"ಸೋಫಾ ಇದೆ. ಮಲಗಿ, ಹೊಡೀರಿ. ಕೇಳ್ತೀನಿ."

"ಹಂಗೆಲ್ಲ ಹೊಡಿ ಅಂದ್ರೆ ಹೊಡಿಯಕ್ಕಾಗುತ್ತಾ..."

"ಮಲಗೋ," ಎಂದಳು ಅತ್ತಿಗೆ, ಹಲ್ಲು ಕಚ್ಚಿ. "ಹಗಲೆಲ್ಲ ಅಂಗಡೀಲಿ ಗಿರಾಕಿ ಮುಂದೇನೇ ತೂಕಡಿಸ್ತೀಯ. ಇವತ್ತು ನಿದ್ದೆ ಬರ್ಲಿಲ್ಲ ಅಂದ್ರೆ ನಾನು ಬರಿಸ್ತೀನಿ."

ಟಚ್ಚಪ್ಪ ಬೂಟು ಬಿಚ್ಚಿ ಸೋಫಾದ ಮೇಲೆ ಅಡ್ಡಾದ. ಇಬ್ಬರು ಹೆಂಗಸರು ಎದುರಿನ ಕುರ್ಚಿಗಳಲ್ಲಿ ಪರೀಕ್ಷಕರ ಹಾಗೆ ಕೂತರು. ಮೀಸೆ ಮತ್ತೆ ಬಾಗಿಲ ಬಳಿ ಹೋದ. ಗೋಡೆ ಗಡಿಯಾರ ಟಿಕ್ಕೆನ್ನುತ್ತಿತ್ತು. ಇಡೀ ಮದುವೆಮನೆಯನ್ನು ನಗಿಸಿದವನಿಗೆ ಒಂದು ಗೊರಕೆ ಹುಟ್ಟಿಸಲು ಆಗುತ್ತಿಲ್ಲ. ಸುಳ್ಳು ಗೊರಕೆ ಹೊಡೆದುಬಿಡಲೇ ಎಂದು ಒಮ್ಮೆ ಅನ್ನಿಸಿತು. ಅದರ ಹಿಂದೆಯೇ, ನಿಜವನ್ನು ಸಾಬೀತು ಮಾಡಲು ಸುಳ್ಳು ಹೊಡೆಯುವುದೇ, ಥೂ ನಿನ್ನ ಜನ್ಮಕ್ಕೆ, ಎಂದೂ ಅನ್ನಿಸಿತು. ಹಾಗೆ ಬೈದುಕೊಳ್ಳುತ್ತ ಬೈದುಕೊಳ್ಳುತ್ತ ಅವನಿಗೆ ನಿಜವಾಗಿಯೇ ನಿದ್ದೆ ಬಂತು.

ಎಚ್ಚರವಾದದ್ದು ಗೊರಕೆಯ ಸದ್ದಿಗೆ. ಮರ ಕೊಯ್ಯುವ ಯಂತ್ರ ಅಲ್ಲ, ಇದು ನಿಜಕ್ಕೂ ಲಾರಿ, ಏರಿನಲ್ಲಿ ಗೇರು ಬದಲಿಸುವ ಲಾರಿ. ತನ್ನದೇ ಇರಬೇಕು ಎಂದು ಮೂಗು ಹಿಡಿದು ನೋಡಿದ. ನಿಲ್ಲಲಿಲ್ಲ. ತಲೆ ಎತ್ತಿದ. ಲೈಬ್ರರಿ ಮೇಡಂ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಮಲಗಿದ್ದರು. ಕಪಾಟಿನ ಗಾಜು ಸಣ್ಣಗೆ ಅದುರುತ್ತಿತ್ತು. ಅವರ ಕಾಲ ಬುಡದಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ನಾಲ್ಕೂ ಕಾಲು ಮೇಲೆತ್ತಿ, ಮೀಸೆ ಅಂಗಾತ ಬಿದ್ದಿದ್ದ. ಒಂಬತ್ತು ದಿನದ ನಿದ್ದೆಯನ್ನು ಒಟ್ಟಿಗೇ ಹೊಡೆಯುತ್ತಿದ್ದ. ಅವನ ಮೂಗಿನಿಂದ ಹೊರಡುತ್ತಿದ್ದ ಸಿಳ್ಳೆ ಲಾರಿಯ ಹಿಂದೆ ಬರುವ ಸೈಕಲ್ಲಿನ ಹಾಗಿತ್ತು.

ಎಚ್ಚರವಿದ್ದವಳು ಅತ್ತಿಗೆ ಒಬ್ಬಳೇ. ಬಾಯಿಗೆ ಸೆರಗು ತುರುಕಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದಳು. "ಮೊದಲು ನೀನು ಶುರು ಮಾಡಿದೆ," ಎಂದು ಪಿಸುಗುಟ್ಟಿದಳು. "ಐದೇ ನಿಮಿಷ, ಅವರ ಕತ್ತು ವಾಲ್ತು. ಆಮೇಲೆ ಅವರು ನಿನ್ನ ಮೀರಿಸಿದ್ರು. ಇವನು ಎದ್ದು ಬಂದು ಕೇಳಿ, ಕೇಳಿ, ಬಿದ್ಕೊಂಡ. ಪಾಪ, ಅವರ ಯಜಮಾನರು ಮೂವತ್ತೆಂಟು ವರ್ಷ ನಿಜ ಹೇಳಿದ್ರು ಕಣೋ."

ಟಚ್ಚಪ್ಪನ ಕೈ ತಾನಾಗಿ ಫೋನಿಗೆ ಹೋಯಿತು. ಸಾಕ್ಷಿ ಬೇಕಲ್ಲ. ಅತ್ತಿಗೆ ಅವನ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯಿಂದ ಫಾರಮ್ಮನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

"ಎದ್ದ ಮೇಲೆ ಫಾರಂ ಕೇಳಿದ್ರೆ?"

"ಕೇಳಿದ್ರೆ ಇನ್ನೊಂದು ಕೊಡೋಣ. ಬೂಟು ಕೈಯಲ್ಲಿ ಹಿಡ್ಕೋ, ನಡಿ."

ಮಾರನೇ ಬೆಳಿಗ್ಗೆ ಟಚ್ಚಪ್ಪ ಗೋದಾಮಿನಲ್ಲಿ ಒಂದು ಜಗಳಗಂಟ ಬೆಕ್ಕಿನ ಫೋಟೋ ತೆಗೆಯುತ್ತಿದ್ದಾಗ ಅತ್ತಿಗೆಯ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಅವಳು ಅದನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು.

"ನಿಮ್ಮ ಆ ಫೋಟೋದೋನು ಎಂಥಾ ಮನುಷ್ಯ ರೀ?" ಎಂದಿತು ಮೇಡಂ ಧ್ವನಿ. ಒಳ್ಳೆಯ ನಿದ್ದೆಯಾದವರ ಧ್ವನಿ. "ನಿನ್ನೆ ನಿದ್ದೇಲೇ ನಾನು ಕಿವಿಯಾರೆ ಕೇಳಿದೆ. ಅವನು ಎದ್ದು ಹೋದ ಮೇಲೂ ನಡೀತಿತ್ತು. ಕಣ್ಣು ಬಿಟ್ಟು ನೋಡಿದ್ರೆ ನಾನು, ನಾಯಿ, ಇನ್ಯಾರೂ ಇಲ್ಲ. ಅಂದ್ಮೇಲೆ ಹೊಡೆದೋರು ಯಾರು? ಫಿಲ್ಮಲ್ಲಿದ್ದ ಗೊರಕೇನೇ. ಬಡಪಾಯಿ ಪ್ರಾಣಿ ಮಾಡಿದ ಕೆಲಸಾನ ನಂದು ನಂದು ಅಂತ ಹೇಳ್ಕೊಳಕ್ಕೆ ಆ ಮನುಷ್ಯನಿಗೆ ನಾಚಿಕೆ ಆಗಲ್ವಾ? ನಾಯಿ ಇಲ್ಲೇ ಇರುತ್ತೆ. ಫಾರಂ ಎಲ್ಲೋ ಬಿದ್ದೋಗಿದೆ, ಸಿಕ್ಕಿದ್ರೆ ಹರೀತೀನಿ."

ಟಚ್ಚಪ್ಪ ಕ್ಯಾಮೆರಾ ಕೆಳಗಿಟ್ಟ. ಇಪ್ಪತ್ತಾರು ವರ್ಷದಲ್ಲಿ ಅವನು ಆಡಿದ್ದ ಒಂದೇ ಒಂದು ಅಪ್ಪಟ ನಿಜ ಅದು. ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಫೋನನ್ನು ಅಂಗೈಯಿಂದ ಮುಚ್ಚಿ, "ಬಾಯಿ ಬಿಟ್ಟೆ ಅಂದ್ರೆ ಹಿಂದಿನ ಸಾಲಲ್ಲಿ ನಿನ್ನನ್ನ ಕಟ್ಟಿಹಾಕ್ತೀನಿ" ಎಂದಳು.

ಅವನು ಬಗ್ಗಿ ಫೋನಿಗೆ ಹೇಳಿದ. "ತಪ್ಪಾಯ್ತು ಮೇಡಂ. ಗೊರಕೆ ಮೀಸೇದೇ."

"ನನಗ್ಯಾಕೆ ಹೇಳ್ತೀರಿ? ಅವನಿಗೆ ಹೇಳಿ," ಎಂದರು ಮೇಡಂ. ಚಪ್ಪಲಿ ಸರಿದಾಡಿದ ಸದ್ದು, ಏನನ್ನೋ ಪಕ್ಕಕ್ಕೆ ಎತ್ತಿಟ್ಟ ಸದ್ದು. ಆಮೇಲೆ ಅವರು ದನಿ ತಗ್ಗಿಸಿದರು. "ಇರಲಿ, ಮಲಗಿದ್ದಾನೆ. ಮಧ್ಯಾಹ್ನದ ಮೇಲೆ ಫೋನು ಮಾಡಿ."